ಬಿಗಿಯದೆ ಬಿಟ್ಟ ಎರಡು ಬೋಲ್ಟು

ಕಾರಿನ ಹಿಂದಿನ ಸೀಟಿನ ಮೇಲೆ ಕೆಂಪು ಬಟ್ಟೆಯ ಚೂರೊಂದು ನಾಲ್ಕು ಮಡಿಕೆಯಾಗಿ ಕೂತಿತ್ತು. ನೀರಿನ ಬಾಟಲಿಗೆಂದು ಕೈ ಹಾಕಿದ ಸೈಕಲ್ ಮೆಕ್ಯಾನಿಕ್ ಅದನ್ನು ನೋಡಿದವನೇ ನಿಂತಲ್ಲೇ ಬೆವೆತ. ಆ ಬಟ್ಟೆ ಇರಬೇಕಾದದ್ದು ಅಕ್ಕನ ಸೈಕಲ್ಲಿನ ಹ್ಯಾಂಡಲ್ ಮೇಲೆ, ಇಲ್ಲವೇ ಅವನ ಜೇಬಿನಲ್ಲಿ. ಮೂರನೆಯ ಜಾಗ ಅದಕ್ಕಿರಲಿಲ್ಲ.

ಅವನ ಅಂಗಡಿಯ ರೂಢಿ ಅದು. ಬೋಲ್ಟುಗಳನ್ನು ಬರೀ ಬೆರಳಲ್ಲಿ ತಿರುಗಿಸಿ ಕೂರಿಸಿದ್ದರೆ ಹ್ಯಾಂಡಲ್ಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಕೀ ಹಾಕಿ ಬಿಗಿ ಮಾಡಿದವನೇ ಅದನ್ನು ಬಿಚ್ಚಿ ಜೇಬಿಗಿಳಿಸಬೇಕು. ಬಟ್ಟೆ ಕಟ್ಟಿದ ಸೈಕಲ್ಲನ್ನು ಹೆತ್ತಪ್ಪ ಬಂದು ಕೇಳಿದರೂ ಅವನು ಕೊಡುವ ಪೈಕಿಯಲ್ಲ. ನಿನ್ನೆ ಸಂಜೆ, ಕಾರಿನಲ್ಲಿ ಹಿಡಿಸಲೆಂದು ಕಳಚಿದ್ದ ಹ್ಯಾಂಡಲನ್ನು ಲಾಡ್ಜಿನ ಪಡಸಾಲೆಯಲ್ಲಿ ಕೂತು ಮತ್ತೆ ಜೋಡಿಸಿದ್ದ. ಬೋಲ್ಟು ಬಿಗಿಯುವ ಕೀ ಕಾರಿನಲ್ಲೇ ಉಳಿದಿತ್ತು. ಬಟ್ಟೆ ಕಟ್ಟಿ ಏಳುವಷ್ಟರಲ್ಲಿ ರೇಸಿಗೆಂದು ಬಂದಿದ್ದ ಅಂಗಡಿಯ ಗಿರಾಕಿಯೊಬ್ಬರು ಹತ್ತಿರ ಬಂದು, ಟೈರಿಗೆ ಗಾಳಿ ಎಷ್ಟು ಎಂದು ಕೇಳಿದರು. ಈಗಲೇ ಪೂರ್ತಿ ತುಂಬಬೇಡಿ, ನಾಳೆ ಬಿಸಿಲು ಏರಿದರೆ ಟ್ಯೂಬು ಢಮಾರ್ ಅನ್ನುತ್ತೆ. ಸೈಕಲ್ ನಿಲ್ಲಿಸುವ ಮೊದಲು ಹಗುರ ಗಿಯರಿಗೆ ತಂದಿಡಿ. ರೇಸಿನ ದಿನ ಹೊಸ ಸೀಟು, ಹೊಸ ಶೂ ಎಂದು ಆಟ ಆಡಬೇಡಿ. ಒಂದಕ್ಕೆ ಹತ್ತು ಸೇರಿಸಿ ಒಂದು ಗಂಟೆ ಹೇಳಿದ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಸ್ವಂತ ಅಕ್ಕನ ಸೈಕಲ್ ತಲೆಯಿಂದ ಹಾರಿಹೋಗಿತ್ತು.

ಬೆಳಿಗ್ಗೆ ಐದಕ್ಕೆ ಅಕ್ಕ ತಾನೇ ಅದನ್ನು ತಳ್ಳಿಕೊಂಡು ಹೋಗಿ, ಸೈಕಲ್ ನಿಲ್ಲಿಸುವ ಅಂಗಳದಲ್ಲಿ ಇಟ್ಟು ಬಂದಿದ್ದಳು. ಅವಳು ಗಣಿತದ ಟೀಚರ್, ಅಂಗಡಿಯ ರೂಢಿ ಅವಳಿಗೇನು ಗೊತ್ತು? ಕೊಳಕು ಬಟ್ಟೆ ಕಂಡರೆ ಬಿಚ್ಚಿ ಮಡಿಸಿಡದೆ ಅವಳಿಗೆ ಸಮಾಧಾನವಿಲ್ಲ.

ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ರೇಸು ಅದು. ಈಗ ಅವಳು ಕೆರೆಯಲ್ಲಿ ಈಜುತ್ತಿದ್ದಳು. ಇನ್ನು ಹತ್ತು ನಿಮಿಷದಲ್ಲಿ ಮೇಲೆ ಬಂದು ಸೈಕಲ್ ಹತ್ತುತ್ತಾಳೆ. ಮೊದಲ ನಾಲ್ಕು ಕಿಲೋಮೀಟರ್ ಬರೀ ಇಳಿಜಾರು. ತಳ್ಳುವಾಗ ನೆಟ್ಟಗಿದ್ದ ಹ್ಯಾಂಡಲ್ ಮೈಭಾರ ಬಿದ್ದ ಮೇಲೆ ಮಾತು ಕೇಳುವುದಿಲ್ಲ. ತಿರುವಿನಲ್ಲಿ ಅವಳು ಹ್ಯಾಂಡಲ್ ತಿರುಗಿಸುತ್ತಾಳೆ, ಚಕ್ರ ನೇರ ಹೋಗುತ್ತದೆ. ಎದುರಿಗೆ ಕಲ್ಲಿನ ಗೋಡೆ.

ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ.

ಅಂಗಳದ ಸುತ್ತ ಕಬ್ಬಿಣದ ಬೇಲಿ. ಗೇಟಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಅಧಿಕಾರಿಣಿ.

“ಮೇಡಂ, ಎರಡೇ ನಿಮಿಷ ಒಳಗೆ ಬಿಡಿ. ನಮ್ಮಕ್ಕನ ಹ್ಯಾಂಡಲ್ ಸಡಿಲ ಇದೆ.”

“ಬೆಳಿಗ್ಗೆನೇ ಚೆಕ್ ಆಗಿದೆ.”

“ನೀವು ನೋಡೋದು ಬ್ರೇಕು, ಹೆಲ್ಮೆಟ್ಟು. ಇದು ಹಾಗೆ ನೋಡಿದ್ರೆ ಗೊತ್ತಾಗಲ್ಲ.”

“ಹೊರಗಿನವರು ಸೈಕಲ್ ಮುಟ್ಟಿದ್ರೆ ನಿಮ್ಮಕ್ಕ ರೇಸಿಂದ ಔಟು. ಬೆಳಿಗ್ಗೆಯಿಂದ ಹತ್ತು ಜನ ಅಪ್ಪಂದಿರು, ಗಂಡಂದಿರು ಇದೇ ರಾಗ ಹಾಡ್ಕೊಂಡು ಬಂದಿದ್ದಾರೆ, ಅವರು ಹೇಳಿದವರನ್ನೆಲ್ಲ ನಿಲ್ಲಿಸ್ತಾ ಕೂರ್ಲಾ? ಬೇಲಿ ಹೊರಗಿಂದ ಹೇಳಿ. ನಿಮ್ಮಕ್ಕ ಕೇಳಿದ್ರೆ ಕೀ ನಾನು ಕೊಡ್ತೀನಿ.”

ಹೇಳಿ ಅಂದರೆ! ಅಲ್ಲೇ ಇತ್ತು ತೊಡಕು. ಹೋದ ವರ್ಷ ಇದೇ ಬೇಲಿಯ ಹತ್ತಿರ ಅವನು “ಚಕ್ರ ಓಲಾಡ್ತಿದೆ, ನಿಲ್ಸೇ” ಎಂದು ಕಿರುಚಿದ್ದ. ಅವಳು ಇಳಿದು, ಚಕ್ರ ಬಿಚ್ಚಿ ನೋಡಿದರೆ ಏನೂ ಇಲ್ಲ. ಸೈಕಲ್ ಸುತ್ತು ಮುಗಿಸಬೇಕಾದ ಗಡುವು ನಾಲ್ಕೇ ನಿಮಿಷದಿಂದ ತಪ್ಪಿ ಅವಳು ರೇಸಿನಿಂದ ಹೊರಬಿದ್ದಿದ್ದಳು. ಆಗಲೂ ಈ ಪುಣ್ಯಾತ್ಮ “ರಸ್ತೆನೇ ಸರಿ ಇರ್ಲಿಲ್ಲ” ಅಂದಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು. ಇಪ್ಪತ್ತು ದಿನ ಅವಳು ಮಾತು ಬಿಟ್ಟಿದ್ದಳು. ಈ ಸಲ ಹೊರಡುವ ಮೊದಲೇ ಆಣೆ ಹಾಕಿಸಿಕೊಂಡಿದ್ದಳು: ಚಕ್ರ ಕಳಚಿ ಬಿದ್ದರೂ ನೀನು ಬಾಯಿ ಬಿಡಬಾರದು.

ಅವಳು ಬಂದಳು. ಒದ್ದೆ ಮೈ, ಏದುಸಿರು. ಅಂಗಳದಲ್ಲಿ ಉಳಿದಿದ್ದವು ಏಳೆಂಟು ಸೈಕಲ್ ಮಾತ್ರ.

“ಅಕ್ಕಾ! ಹ್ಯಾಂಡಲ್ ನೋಡೇ!”

ಅವಳು ತಿರುಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡಳು.

“ಅಕ್ಕಾ, ಹ್ಯಾಂಡಲ್ ಸಡಿಲ ಇದೆ ಕಣೇ!”

“ಈ ಸಲಾನೂ ಶುರು ಮಾಡಿದ್ಯಾ?” ಅವಳು ಶೂ ಒಳಗೆ ಕಾಲು ತೂರಿಸುತ್ತಲೇ ಅಂದಳು. ತೋಳ ಬಂತು ತೋಳ ಅಂದವನ ಮಾತನ್ನು ಎರಡನೇ ಸಲ ಯಾರು ನಂಬುತ್ತಾರೆ?

ಬೇಲಿಯುದ್ದಕ್ಕೂ ಅವನ ಗಿರಾಕಿಗಳ ಮನೆಯವರು ನಿಂತಿದ್ದರು. ಉಸ್ತಾದ್ ಎಂದೇ ಅವನನ್ನು ಕರೆಯುತ್ತಿದ್ದವರು. ಉಸ್ತಾದ್ ಕೈ ಇಟ್ಟ ಮೇಲೆ ಮುಗೀತು, ಕಣ್ಮುಚ್ಚಿ ತುಳೀಬಹುದು ಎಂದು ಊರೆಲ್ಲ ಹೇಳಿಕೊಂಡು ಬಂದವರು. ಇಪ್ಪತ್ತೆರಡು ವರ್ಷದಲ್ಲಿ ಅವನು ಕಟ್ಟಿಕೊಂಡಿದ್ದು ಅದೊಂದೇ ಮಾತು. ಅಕ್ಕ ಸ್ಟ್ಯಾಂಡಿನಿಂದ ಸೈಕಲ್ ಇಳಿಸಿದಳು. ಅವನಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

“ನಾನು ಬಿಗಿ ಮಾಡೇ ಇಲ್ಲ ಕಣೇ!” ಎಂದು ಕೂಗಿದ. “ನಿನ್ನೆ ಮರೆತೆ! ತಪ್ಪು ನಂದೇ!”

ಅವಳ ಕಾಲು ನಿಂತುಬಿಟ್ಟಿತು. ತೊಟ್ಟಿಲಲ್ಲಿ ತೂಗಿದಾಗಿನಿಂದ ಇವತ್ತಿನವರೆಗೆ ತಮ್ಮನ ಬಾಯಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ. ಅವನ ಮುಖ ನೋಡಿದಳು. ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಅದುಮಿ ಹಿಡಿದು ಹ್ಯಾಂಡಲ್ ತಿರುವಿದಳು. ಚಕ್ರ ಇದ್ದಲ್ಲೇ ಇತ್ತು. ಹ್ಯಾಂಡಲ್ ಮಾತ್ರ ಪೂರ್ತಿ ಪಕ್ಕಕ್ಕೆ ಹೊರಳಿತು.

ಬೇಲಿಯ ಹತ್ತಿರ ಯಾರೋ ಅಯ್ಯೋ ಅಂದರು. ಅಧಿಕಾರಿಣಿ ಕೀ ಹಿಡಿದು ಓಡಿದಳು.

“ಯಾವುದೋ ಮೊದಲು?” ಅಕ್ಕ ಕೀ ಕಿತ್ತುಕೊಂಡು ಕೇಳಿದಳು.

“ಮೊದಲು ನೆಟ್ಟಗೆ ಮಾಡ್ಕೋ. ಪಕ್ಕದಲ್ಲಿರೋ ಎರಡು. ಮೇಲಿನದಕ್ಕೆ ಸ್ವಲ್ಪ, ಕೆಳಗಿನದಕ್ಕೆ ಸ್ವಲ್ಪ. ಒಂದನ್ನೇ ಪೂರ್ತಿ ತಿರುಗಿಸ್ಬೇಡ. ಇನ್ನೊಂದು ಸಲ. ಸಾಕು, ಸಾಕು! ಜಾಸ್ತಿ ಆದ್ರೆ ಮುರಿಯುತ್ತೆ. ಈಗ ಮತ್ತೆ ಮಂಡಿಯಲ್ಲಿ ಹಿಡಿದು ನೋಡು.”

ಈ ಸಲ ಹ್ಯಾಂಡಲ್ ಅಲುಗಲಿಲ್ಲ. ಅವಳು ಸೈಕಲ್ ತಳ್ಳಿಕೊಂಡು ಅಂಗಳದ ಗೆರೆ ದಾಟಿ, ಹತ್ತಿ, ಇಳಿಜಾರಿನಲ್ಲಿ ಮರೆಯಾದಳು. ಮೂರು ನಿಮಿಷ ಹೋಗಿತ್ತು.

ಅವನು ಬೇಲಿ ಹಿಡಿದು ನಿಂತಿದ್ದ. ನಿನ್ನೆ ಗಾಳಿಯ ವಿಷಯ ಕೇಳಿದ್ದವರ ಹೆಂಡತಿ ಹತ್ತಿರ ಬಂದರು.

“ನಮ್ಮವರ ಸೈಕಲ್ಲೂ ನೀವೇ ಅಲ್ವಾ ರೆಡಿ ಮಾಡಿದ್ದು?”

“ಹೌದಮ್ಮಾ.”

“ಬಿಗಿ ಮಾಡಿದೀರಾ?”

ನಿನ್ನೆಯಾಗಿದ್ದರೆ ನಕ್ಕು ಮೀಸೆ ಸವರುತ್ತಿದ್ದ. ಇವತ್ತು ಕಣ್ಣು ಮುಚ್ಚಿ ಆ ಸೈಕಲ್ಲಿನ ಒಂದೊಂದೇ ಬೋಲ್ಟನ್ನು ಮನಸ್ಸಿನಲ್ಲೇ ಮುಟ್ಟಿ ಬಂದ. “ಮಾಡಿದೀನಿ,” ಅಂದ. ಆಕೆ ನಂಬಿದಂತೆ ಕಾಣಲಿಲ್ಲ. ಅವನಿಗೂ ಪೂರ್ತಿ ಧೈರ್ಯವಿರಲಿಲ್ಲ.

ಆ ದಿನ ಅವನ ಕೈಯಿಂದ ಹೊರಟ ಸೈಕಲ್ಲು ಒಂಬತ್ತು. ಪ್ರತಿ ಸಲ ಅವರೆಲ್ಲ ಹೊರಟ ಮೇಲೆ ಕಾರಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದವನು ಈ ಸಲ ಬೇಲಿ ಬಿಟ್ಟು ಕದಲಲಿಲ್ಲ. ಒಂದು ಬಂತು. ಎರಡು ಬಂದವು. ಆ ಹೆಂಗಸಿನ ಗಂಡ ಐದನೆಯವರಾಗಿ ಬಂದರು. ಆಕೆ ಇವನ ಕಡೆ ತಿರುಗಿಯೂ ನೋಡದೆ ಹೋದರು. ಎಂಟಾಯಿತು. ಬಿಸಿಲು ನೆತ್ತಿಗೇರಿತು. ಅಧಿಕಾರಿಣಿ ಗಡಿಯಾರ ನೋಡುತ್ತ, ದಾರಿಗೆ ಅಡ್ಡ ಕಟ್ಟಬೇಕಾದ ಪಟ್ಟಿ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಅಕ್ಕ ತಿರುವಿನಲ್ಲಿ ಕಂಡಳು. ಗಡುವಿಗೆ ಇನ್ನರ್ಧ ನಿಮಿಷವಿದ್ದಾಗ ಗೆರೆಯ ಹತ್ತಿರ ಇಳಿದು, ತುಳಿದು ಸೋತ ಕಾಲಲ್ಲಿ ಕುಂಟುತ್ತ ಸೈಕಲ್ ತಳ್ಳಿಕೊಂಡು ಬಂದಳು. ಇನ್ನು ಓಟವೊಂದು ಬಾಕಿ. ಶೂ ಬದಲಾಯಿಸಿಕೊಂಡು ಬೇಲಿಯ ಪಕ್ಕದಲ್ಲೇ ಹಾಯುವಾಗ ಒಂದು ಗಳಿಗೆ ನಿಂತಳು.

“ನಿನ್ನ ಗಿರಾಕಿಗಳೆಲ್ಲ ಬಂದ್ರೇನೋ?”

“ನೀನೇ ಕೊನೆಯವಳು ಕಣೇ,” ಅಂದ ಅವನು. ಆಮೇಲೆ ಅಷ್ಟು ಜನರ ನಡುವೆ ಗೊಳೋ ಎಂದು ಅತ್ತ.