ಫಿಟ್‌ನೆಸ್ ಪಾಸಾದ ಅಜ್ಜ

ಆರೈಕೆಗೆ ನೆರವು ಕೊಡುವ ಸರ್ಕಾರಿ ಕಚೇರಿಯ ನರ್ಸ್ ಬರುವ ದಿನ ನಾವು ಅಜ್ಜನಿಗೆ ನೌಕರಿಯ ಕಾಲದ ನೀಲಿ ಷರಟನ್ನು ಇಸ್ತ್ರಿ ಮಾಡಿ ತೊಡಿಸಿದೆವು. ಅಮ್ಮ ಗಡ್ಡ ಹೆರೆದಳು, ನಾನು ಉಗುರು ಕತ್ತರಿಸಿದೆ, ಮಾವ ಬೂಟಿಗೆ ಪಾಲಿಶ್ ಹಾಕಿದ. ಇದು ನಮ್ಮ ಮನೆಯ ಹಳೆಯ ಅಭ್ಯಾಸ. ಅಜ್ಜ ನಗರದ ಬಸ್ ಓಡಿಸುತ್ತಿದ್ದ. ಆ ಕೆಲಸದವರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ; ಡಾಕ್ಟರು ಕಣ್ಣು, ಕಿವಿ, ಕೈಕಾಲು ನೋಡಿ ಸರಿಯಿದೆ ಎಂದರೆ ಮಾತ್ರ ಸ್ಟೇರಿಂಗ್ ಕೈಗೆ ಸಿಗುತ್ತಿತ್ತು. ಅಜ್ಜಿ ಇದ್ದಾಗ ಆ ವಾರ ಮನೆಯಲ್ಲಿ ಯಾರೂ ಜಗಳವಾಡುವಂತಿರಲಿಲ್ಲವಂತೆ. ಅಜ್ಜನ ಬಿ.ಪಿ. ಏರಿದರೆ ಅನ್ನಕ್ಕೇ ಕಲ್ಲು ಬೀಳುತ್ತದೆಂದು ಎಲ್ಲರ ಬಾಯಿಗೂ ಬೀಗ. ಅಜ್ಜ ಒಮ್ಮೆಯೂ ಫೇಲಾದವನಲ್ಲ. ಹೀಗಾಗಿ ಸರ್ಕಾರದಿಂದ ಒಬ್ಬರು ಬಂದು ಅಜ್ಜನನ್ನು ನೋಡುತ್ತಾರೆ ಎಂದು ತಿಳಿದ ಕೂಡಲೇ ಎಲ್ಲರ ಕೈಯೂ ತಾನಾಗಿ ಇಸ್ತ್ರಿ ಪೆಟ್ಟಿಗೆಯ ಕಡೆಗೆ ಹೋಯಿತು. ತಪ್ಪು ಮಾಡುತ್ತಿದ್ದೇವೆಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ನಮ್ಮ ಬೀದಿಯ ಆಚೆ ಬದಿಯಲ್ಲಿ ವಯಸ್ಸಾದವರ ಆರೈಕೆ ಮನೆಯೊಂದಿದೆ. ಅಲ್ಲೊಂದು ಹಾಸಿಗೆ ಖಾಲಿಯಿತ್ತು. ಅಲ್ಲಿಯ ಖರ್ಚು ಅಮ್ಮನ ಸಂಬಳಕ್ಕೆ ಎಟುಕುವಂಥದ್ದಲ್ಲ. ಅಜ್ಜನಿಗೆ ಹಗಲೂ ರಾತ್ರಿ ಆರೈಕೆ ಬೇಕು ಎಂದು ನರ್ಸ್ ಬರೆದರೆ ಸರ್ಕಾರ ಆ ಖರ್ಚು ಹೊರುತ್ತದೆ, ಬರೆಯದಿದ್ದರೆ ಇಲ್ಲ. ಆರೈಕೆಯಂತೂ ಬೇಕಿತ್ತು. ಅಜ್ಜನ ಎಡಗಾಲು ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಮೊದಲ ಶಿಫ್ಟಿಗೆ ತಡವಾಯಿತೆಂದು ಬಾಗಿಲ ಚಿಲಕ ತೆಗೆಯುತ್ತಿದ್ದ. ಬಚ್ಚಲಿಗೆ ಹೋಗುವಾಗ ಬಿದ್ದರೆ ಎತ್ತಲು ಅಮ್ಮ ಮತ್ತು ನಾನು ಇಬ್ಬರೂ ಬೇಕು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಒದ್ದೆ ಹೊದಿಕೆ ಎತ್ತುವವಳು. ಅವಳ ಬೆನ್ನು ಸಂಜೆಗೆಲ್ಲ ಬಿಲ್ಲಾಗಿರುತ್ತಿತ್ತು.

ನಾನು ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಇದ್ದೆ. ಹೊರಗಿನವರ ಮುಂದೆ ನನಗೆ ಮಾತು ಹೊರಡುವುದಿಲ್ಲ; ಸುಮ್ಮನೆ ನೋಡುತ್ತೇನೆ. ಬಾಯಿಲ್ಲ, ಬರೀ ಕಣ್ಣು ಮಿಟುಕಿಸುತ್ತಾಳೆ ಎಂದು ಅಜ್ಜ ನನಗೆ ಇಂಡಿಕೇಟರ್ ಎಂದು ಹೆಸರಿಟ್ಟಿದ್ದ. ಡಿಪೋದಲ್ಲಿ ಅವನ ಹೆಸರು ಮೂರನೇ ಗೇರು. ಊರೊಳಗೆ ಎಷ್ಟೇ ಖಾಲಿ ರಸ್ತೆ ಸಿಕ್ಕರೂ ನಾಲ್ಕಕ್ಕೆ ಹಾಕಿದವನಲ್ಲ.

ನರ್ಸ್ ಬಂದರು. ನಡುವಯಸ್ಸಿನವರು, ಮುಖದಲ್ಲಿ ಬಿಸಿಲಿನ ದಣಿವು. ಅಜ್ಜ ಕುರ್ಚಿಯ ಕೈ ಹಿಡಿಯದೆ ಎದ್ದು ನಿಂತ. ಹೇಗೆ ಎದ್ದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ನಡೆಯಲು ಹೇಳಿದರೆ ನಡೆದ, ತಿರುಗಲು ಹೇಳಿದರೆ ಕನ್ನಡಿ ನೋಡುವವನ ಹಾಗೆ ಹಿಂದೆ ಕಣ್ಣು ಹಾಯಿಸಿ ತಿರುಗಿದ. ಇವತ್ತು ಯಾವ ವಾರ ಎಂದು ಕೇಳಿದರು. ಮಾವ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಸಿದ್ದನಲ್ಲ, ವಾರ, ತಾರೀಖು, ತಿಂಗಳು ಎಲ್ಲ ಒಂದೇ ಉಸಿರಿನಲ್ಲಿ ಬಂತು. ಸ್ನಾನ ಯಾರು ಮಾಡಿಸುತ್ತಾರೆ ಎಂದಾಗ ಅಜ್ಜನಿಗೆ ನಗು ಬಂತು.

"ಮೇಡಂ, ಇಷ್ಟು ವರ್ಷ ಬಸ್ಸು ತೊಳೆದವನಿಗೆ ಮೈ ತೊಳ್ಕೊಳಕ್ಕೆ ಬರಲ್ವಾ?"

ನರ್ಸ್ ಕೂಡ ನಕ್ಕುಬಿಟ್ಟರು. ಮಾವ ಬಾಗಿಲ ಬಳಿ ನಿಂತು ನೆರೆಯವರಿಗೂ ಕೇಳಲಿ ಎಂಬಂತೆ, ನಮ್ಮಪ್ಪನಿಗೆ ಇನ್ನೂ ಕಲ್ಲು ತಿಂದು ಕರಗಿಸುವ ಶಕ್ತಿ ಎಂದ. ಅಮ್ಮ ಟೀ ತಂದಳು. ಅವಳ ಮುಖದಲ್ಲೂ ಹೆಮ್ಮೆ ಉಕ್ಕುತ್ತಿತ್ತು, ಸುಳ್ಳು ಹೇಳಬಾರದು. ನರ್ಸ್ ಗೇಟು ದಾಟಿದ್ದೇ ಅಜ್ಜ ಕುರ್ಚಿಗೆ ಕುಸಿದ. ಪ್ಯಾಂಟು ಒದ್ದೆಯಾಗಿತ್ತು. ಆಮೇಲೆ ಸಂಜೆಯವರೆಗೆ ಎದ್ದೇಳಲಾಗಲಿಲ್ಲ. "ಪಾಸಾ?" ಎಂದು ಮಾತ್ರ ಕೇಳಿದ. ಪಾಸು ಎಂದಳು ಅಮ್ಮ.

ಪಾಸಾಗಿದ್ದಕ್ಕೆ ಕಾಗದ ಬಂತು. ಅಜ್ಜ ತನ್ನ ಕೆಲಸ ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತಾನೆ, ವಾರಕ್ಕೊಮ್ಮೆ ಸಹಾಯಕಿಯೊಬ್ಬಳು ಮನೆಗೆ ಬಂದು ಹೋದರೆ ಸಾಕು, ಆರೈಕೆ ಮನೆಯ ನೆರವು ಸದ್ಯಕ್ಕಿಲ್ಲ. ಅಜ್ಜ ಆ ಕಾಗದವನ್ನು ಮಡಚಿ ಷರಟಿನ ಜೇಬಿನಲ್ಲಿಟ್ಟುಕೊಂಡು ಎದುರುಮನೆಯವರಿಗೆಲ್ಲ ತೋರಿಸಿದ. ಒಳ್ಳೆಯದೇ ಆಯಿತು, ಸರ್ಕಾರದ ಮುಂದೆ ಕೈಯೊಡ್ಡುವ ಗತಿ ನಮಗೆ ಬಂದಿಲ್ಲ ಎಂದು ಮಾವ ಹೇಳಿ ತನ್ನ ಮನೆಗೆ ಹೋದ. ಅವನ ಮನೆ ಊರಿನ ಇನ್ನೊಂದು ತುದಿಯಲ್ಲಿ. ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

ಅದೇ ವಾರ ಅಜ್ಜ ನಸುಕಿನಲ್ಲಿ ಬಾಗಿಲು ತೆಗೆದು ಮೆಟ್ಟಿಲಿಗೆ ಕಾಲಿಟ್ಟ. ಹಿಡಿಯಲು ಓಡಿದ ಅಮ್ಮ ಅವನ ಅಡಿಯಲ್ಲಿ ಬಿದ್ದಳು. ಅಜ್ಜನಿಗೆ ಏನೂ ಆಗಲಿಲ್ಲ. ಅಮ್ಮನ ಮಣಿಕಟ್ಟು ಊದಿಕೊಂಡು, ಲಾಂಡ್ರಿಯವರು ಗುಣವಾಗುವವರೆಗೆ ಬರಬೇಡ ಎಂದರು. ಅಜ್ಜ ಅವಳ ಪಟ್ಟಿ ನೋಡಿ, "ಎಲ್ಲಿ ಬಿದ್ದೆ ಮಗಳೇ?" ಎಂದು ಕೇಳಿದ. ಬಚ್ಚಲಲ್ಲಿ ಜಾರಿದೆ ಎಂದು ಅಮ್ಮ ಸುಳ್ಳು ಹೇಳಿದಳು.

ಮರುದಿನ ನಾನು ನರ್ಸನ್ನು ಕಳಿಸಿದ್ದ ಕಚೇರಿಗೆ ಹೋದೆ. ಅಮ್ಮನಿಗೆ ಔಷಧಿ ತರುತ್ತೇನೆ ಎಂದು ಹೇಳಿ ಹೊರಟಿದ್ದೆ. ಬೆಂಚಿನ ಮೇಲೆ ಕೂತು, ಬೇರೆಯವರು ಹೇಗೆ ಕೇಳುತ್ತಾರೆ, ಯಾವ ಮಾತಿಗೆ ಗುಮಾಸ್ತೆ ಸಿಡುಕುತ್ತಾರೆ, ಯಾವುದಕ್ಕೆ ಕುರ್ಚಿ ಮುಂದೆಳೆದುಕೊಳ್ಳುತ್ತಾರೆ ಎಂದು ನೋಡುತ್ತಿದ್ದೆ. ನನ್ನ ಸರದಿ ಬಂದಾಗ ಎದ್ದು ಹಿಂದಿನವರಿಗೆ ಬಿಟ್ಟುಕೊಟ್ಟೆ. ಹಾಗೆ ಎಷ್ಟೋ ಜನರಿಗೆ ಬಿಟ್ಟುಕೊಟ್ಟ ಮೇಲೆ ಗುಮಾಸ್ತೆಯೇ ನನ್ನನ್ನು ಕರೆದರು. "ಏನಮ್ಮ, ಇಲ್ಲೇ ಬಾಡಿಗೆಗೆ ಇರ್ತೀಯಾ?"

ತಡವರಿಸುತ್ತಲೇ ಅಜ್ಜನ ವಿಷಯ ಹೇಳಿದೆ. ಅವರ ಮೊದಲ ಮಾತು ಗಡಸಾಗಿದ್ದರೂ ಮಿಕ್ಕದ್ದೆಲ್ಲ ಬಿಡಿಸಿ ಹೇಳಿದರು. ಖರ್ಚಿನಲ್ಲಿ ಎರಡು ಪಾಲು. ಎತ್ತುವುದು, ತೊಳೆಯುವುದು, ಕಾಯುವುದು, ಇದು ಆರೈಕೆಯ ಪಾಲು. ಅದನ್ನು ಸರ್ಕಾರ ಕೊಡುವುದು ಅಜ್ಜನ ಕಷ್ಟ ನೋಡಿ, ಅವನ ಹತ್ತಿರ ಏನಿದೆ ಎಂದು ನೋಡಿ ಅಲ್ಲ. ಇನ್ನೊಂದು ಊಟ ವಸತಿಯ ಪಾಲು. ಅದಕ್ಕೆ ಅಜ್ಜನ ಪಿಂಚಣಿಯಿಂದ ಹೋಗುತ್ತದೆ, ಕೈಖರ್ಚಿಗೆ ಸ್ವಲ್ಪ ಅವನಿಗೇ ಉಳಿಯುತ್ತದೆ, ಕಡಿಮೆ ಬಿದ್ದದ್ದನ್ನು ಸರ್ಕಾರ ತುಂಬುತ್ತದೆ. ಅಜ್ಜನ ಹೆಸರಿನಲ್ಲಿರುವ ನಮ್ಮ ಮನೆಯ ಬಗ್ಗೆ ಕೇಳಿದೆ. ಮನೆ ಮಾರಿಸಿಬಿಡುತ್ತಾರೆ ಎಂದು ಮಾವ ಹೆದರಿಸಿದ್ದ. ಅಜ್ಜನನ್ನು ನೋಡಿಕೊಳ್ಳುತ್ತಿದ್ದ ನೀನೂ ನಿನ್ನಮ್ಮನೂ ಅದೇ ಮನೆಯಲ್ಲಿ ಇರುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ಇನ್ನೊಮ್ಮೆ ನೋಡಿ ಎಂದು ಕೇಳುವ ಹಕ್ಕೂ ನಮಗಿತ್ತು. ಅಲ್ಲಿಯೇ ಕೇಳಿಕೊಂಡೆ, ಅವರು ಬರೆದುಕೊಂಡರು.

ಆಮೇಲೆ ಕನ್ನಡಕ ತೆಗೆದು ಹೇಳಿದರು. "ನರ್ಸ್ ಕಂಡದ್ದನ್ನೇ ಬರೀತಾರೆ. ಬಂದ ನೆಂಟರಿಗೆ ಮನೆ ತೋರಿಸೋ ಹಾಗೆ ನೀವು ಒಳ್ಳೇ ದಿನ ತೋರಿಸಿದ್ದೀರಿ. ಕೆಟ್ಟ ದಿನ ತೋರಿಸ್ಬೇಕಿತ್ತು ಕಣಮ್ಮ."

ಮನೆಗೆ ಬಂದು ಎಲ್ಲ ಹೇಳಿದೆ. ಕಚೇರಿಯಲ್ಲಿ ನೀನೇ ಮಾತಾಡಿದೆಯಾ ಎಂದು ಅಮ್ಮ ಎರಡು ಸಲ ಕೇಳಿದಳು. ಆದರೆ ಮುಂದಿನ ದಾರಿ ಅವಳಿಗೆ ಕಾಣಲಿಲ್ಲ. ನರ್ಸ್ ಮತ್ತೆ ಬಂದಾಗ ಅಜ್ಜನ ಎದುರೇ ಅಜ್ಜ ಬೀಳುತ್ತಾನೆ, ಹಾಸಿಗೆ ಒದ್ದೆ ಮಾಡುತ್ತಾನೆ ಎಂದು ಯಾವ ಬಾಯಲ್ಲಿ ಹೇಳುವುದು? ಮಾವನಿಗೆ ಫೋನು ಮಾಡಿದರೆ ಅವನೊಂದು ಉಪಾಯ ಕೊಟ್ಟ. ನರ್ಸನ್ನು ಗೇಟಿನ ಹತ್ತಿರವೇ ತಡೆದು ಕಿವಿಯಲ್ಲಿ ಹೇಳಿಬಿಡಿ, ಅಪ್ಪನಿಗೆ ತಿಳಿಯುವುದೇ ಬೇಡ. ಅಮ್ಮನಿಗೆ ಅದು ಸರಿಯೆನಿಸಿತು. ನನಗೆ ಆಗಲಿಲ್ಲ. ಅಜ್ಜನ ಬೆನ್ನ ಹಿಂದೆ ಅವನನ್ನು ಫೇಲು ಮಾಡಿಸಿ, ಒಂದು ದಿನ ಕೈಹಿಡಿದು ಬೇರೆ ಮನೆಗೆ ಕರೆದುಕೊಂಡು ಹೋದರೆ ಆಮೇಲೆ ಅವನ ಕಣ್ಣು ನೋಡುವುದು ಹೇಗೆ?

ಅಜ್ಜನ ತಲೆ ಬೆಳಿಗ್ಗೆ ತಿಂಡಿಯಾದ ಮೇಲೆ ಸ್ವಲ್ಪ ಹೊತ್ತು ತಿಳಿಯಾಗಿರುತ್ತದೆ. ಆ ಹೊತ್ತಿನಲ್ಲಿ ಕಾಲಿಗೆ ಎಣ್ಣೆ ಉಜ್ಜುತ್ತ, ಸಂಜೆ ಗಾಡಿ ಡಿಪೋಗೆ ಬಿಟ್ಟ ಮೇಲೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅವನಿಗೆ ಹುರುಪು ಬಂತು. ಮನೆಗೆ ಓಡುವ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ ಗಾಡಿಯಲ್ಲಿ ಏನೇನು ಕೆಟ್ಟಿದೆ ಎಂದು ಹೇಳಲೇಬೇಕು. ಬ್ರೇಕು ತಡವಾಗಿ ಹಿಡಿಯುತ್ತಿದೆ, ಎಡಗಡೆ ಲೈಟು ಇಲ್ಲ, ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತಿಲ್ಲ. ಕೆಲವರು ರಿಪೇರಿಗೆ ಕಾಯಬೇಕಾಗುತ್ತದೆಂದು ಗಾಡಿ ಸರಿಯಿದೆ ಎಂದು ಹೇಳಿ ಹೋಗುತ್ತಿದ್ದರಂತೆ.

"ಹಾಗೆ ಬಚ್ಚಿಟ್ರೆ ಏನಾಗುತ್ತೆ ಅಜ್ಜ?"

"ಅವನಿಗೇನಾಗುತ್ತೆ? ಆರಾಮಾಗಿ ಮನೇಲಿ ಮಲಗ್ತಾನೆ. ಬೆಳಿಗ್ಗೆ ಆ ಗಾಡಿ ಹತ್ತೋನು ಸಾಯ್ತಾನೆ."

ನನ್ನ ಕೈ ನಿಂತಿತು.

"ಅಜ್ಜ, ಬೆಳಿಗ್ಗೆ ಹತ್ತೋಳು ಅಮ್ಮ. ಅವಳ ಕೈ ಬಚ್ಚಲಲ್ಲಿ ಊದಿಕೊಂಡಿದ್ದಲ್ಲ. ನೀನು ಮೆಟ್ಟಿಲಲ್ಲಿ ಅವಳ ಮೇಲೆ ಬಿದ್ದೆ."

ಅಜ್ಜ ತನ್ನ ಕಾಲನ್ನೇ ನೋಡುತ್ತ ಕೂತ. ಬೀದಿಯಲ್ಲಿ ಹಾಲಿನವನ ಸೈಕಲ್ಲು ಹೋಯಿತು, ಕಸದ ಗಾಡಿ ಹೋಯಿತು. ನಾನು ತಡೆದು ತಡೆದು ಎಲ್ಲ ಹೇಳಿದೆ: ಬಂದ ನರ್ಸ್ ಫಿಟ್‌ನೆಸ್ ಡಾಕ್ಟರಲ್ಲ, ಮೆಕ್ಯಾನಿಕ್, ನಾವೆಲ್ಲ ಸೇರಿ ಗಾಡಿ ಸರಿಯಿದೆ ಎಂದು ಹೇಳಿಬಿಟ್ಟಿದ್ದೇವೆ. ಅವನು ಕೇಳಿದ್ದು ಒಂದೇ.

"ಅವರು ಮತ್ತೆ ಬರ್ತಾರಾ?"

ಬರುತ್ತಾರೆ ಎಂದೆ. ಸರಿ, ಎಣ್ಣೆ ಹಚ್ಚು ಎಂದ.

ಆ ತಿಳಿಯಾದ ಹೊತ್ತು ಕಳೆದ ಮೇಲೆ ಇದನ್ನೂ ಮರೆಯುತ್ತಾನೆಂದು ನನಗೆ ಹೆದರಿಕೆಯಿತ್ತು. ಮರೆಯುತ್ತಲೂ ಇದ್ದ. ಪ್ರತಿ ಬೆಳಿಗ್ಗೆ ಎಣ್ಣೆ ಉಜ್ಜುತ್ತ ಮತ್ತೆ ಹೇಳುತ್ತಿದ್ದೆ, ಪ್ರತಿ ಬೆಳಿಗ್ಗೆ ಅವನ ಮುಖ ಹೊಸದಾಗಿ ಬಾಡುತ್ತಿತ್ತು. ಅದನ್ನು ನೋಡುವುದು ಸುಲಭವಿರಲಿಲ್ಲ. ಆದರೂ ದಿನ ಕಳೆದಂತೆ ಮಾತು ಅವನೊಳಗೆ ಎಲ್ಲೋ ನೆಲೆ ನಿಂತಿತು.

ಎರಡನೇ ಸಲ ನರ್ಸಿಗೆ ಬೆಳಗಿನ ಹೊತ್ತೇ ಬರಲು ಕೇಳಿಕೊಂಡಿದ್ದೆ. ಮಾವನೂ ಬಂದಿದ್ದ. ಅವನು ಬಂದವನೇ, ಅಪ್ಪ, ಧರ್ಮದ ಅನ್ನ ತಿನ್ನುವ ಹಣೆಬರಹ ನಿಮಗೇಕೆ, ನಾನಿಲ್ಲವಾ ಎಂದ. ಅಜ್ಜ ಅವನನ್ನು ಪಾದದಿಂದ ತಲೆಯವರೆಗೆ ನೋಡಿದ.

"ಡಿಪೋದಲ್ಲಿ ಬ್ರೇಕ್ ಹಾಕಿಸೋಕೆ ನಾನು ಜೇಬಿಂದ ಕೊಡ್ತಿದ್ನೇನೋ? ಅದು ಡಿಪೋದ ಕೆಲಸ. ನೀನು ಪಕ್ಕಕ್ಕೆ ಬಾ, ಅವರಿಗೆ ಕೂರೋಕೆ ಜಾಗ ಬಿಡು."

ನರ್ಸ್ ಕೂತರು. ಈ ಸಲ ಅಜ್ಜ ಏಳಲಿಲ್ಲ. ಕೈ ಎರಡೂ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಅವರು ಕೇಳುವ ಮೊದಲೇ ಶುರುಮಾಡಿದ. ಎಡಗಾಲು ಹಿಡಿಯುವುದಿಲ್ಲ. ಬಲಗಣ್ಣಿನ ಅಂಚಿನಲ್ಲಿ ಕತ್ತಲೆ. ಷರಟಿನ ಗುಂಡಿ ಮೊಮ್ಮಗಳು ಹಾಕುತ್ತಾಳೆ, ಸ್ನಾನ ಮಗಳು ಮಾಡಿಸುತ್ತಾಳೆ. ಮೂತ್ರ ನಿಲ್ಲುವುದಿಲ್ಲ. ಅದನ್ನು ಹೇಳುವಾಗ ಮಾತ್ರ ನೆಲ ನೋಡಿದ, ಆದರೂ ಹೇಳಿದ. ಕಳೆದ ಸಲ ವಾರ, ತಾರೀಖು ಹೇಳಿದ್ದು ಬಾಯಿಪಾಠ, ಇವತ್ತು ಕೇಳಬೇಡಿ ಎಂದ. ಅವನ ದನಿಯಲ್ಲಿ ಬೇಡುವವನ ಎಳೆ ಒಂದೂ ಇರಲಿಲ್ಲ. ಕೆಲಸ ಮುಗಿಸಿ ಗಾಡಿ ಒಪ್ಪಿಸುವ ಡ್ರೈವರನನ್ನು ನಾನು ಕಂಡದ್ದು ಅವತ್ತೇ ಮೊದಲು. ಬೂಟು ಪಾಲಿಶ್ ಇರಲಿಲ್ಲ, ಗಡ್ಡ ಅರ್ಧ ಬೆಳೆದಿತ್ತು. ನೀಲಿ ಷರಟಿನ ದಿನಕ್ಕಿಂತ ಅವತ್ತು ಅವನು ನನಗೆ ಎತ್ತರವಾಗಿ ಕಂಡ.

ರಾತ್ರಿ ಹೇಗಿರುತ್ತದೆ ಎಂದು ನರ್ಸ್ ಕೇಳಿದರು. ಅಜ್ಜ ಮಾತು ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದ.

"ರಾತ್ರಿ ಪಾಳಿ ನಂಗೆ ನೆನಪಿರಲ್ಲ ಮೇಡಂ. ಅದು ಇವಳದ್ದು. ಇವಳು ಹೇಳ್ತಾಳೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮ ನನ್ನ ಬದಲು ಮಾತಾಡಲು ಬಾಯಿ ತೆರೆದಳು. ಅಜ್ಜ ಅಂಗೈ ಎತ್ತಿ ಅವಳನ್ನು ತಡೆದ. ನಾನು ಹೇಳಿದೆ. ಎಷ್ಟು ಸಲ ಏಳುತ್ತಾನೆ, ಎದ್ದವನ ಕಣ್ಣಲ್ಲಿ ಮನೆ ಹೇಗೆ ಡಿಪೋ ಆಗಿರುತ್ತದೆ, ಯಾವ ಮಾತಿಗೆ ಹಾಸಿಗೆಗೆ ಮರಳುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ, ಬಿದ್ದರೆ ಯಾವ ಭುಜಕ್ಕೆ ಕೈಕೊಡಬೇಕು. ಇಷ್ಟು ದಿನ ಸುಮ್ಮನೆ ನೋಡಿದ್ದೆಲ್ಲ ಮಾತಾಗಿ ಬರುತ್ತಿತ್ತು. ನರ್ಸ್ ಟೀ ಮುಟ್ಟದೆ ಬರೆದುಕೊಂಡರು. ಅಜ್ಜ ಮಾವನ ಕಡೆ ಬಾಗಿ, ಕೇಳಿಸ್ಕೊ ಎಂದು ಮೊಣಕೈಯಲ್ಲಿ ತಿವಿದ.

ನೆರವು ಮಂಜೂರಾಯಿತು. ಅಮ್ಮ ಕಾಗದ ಓದಿ ಅಜ್ಜನ ಪಕ್ಕದಲ್ಲಿ ಕೂತು ಅತ್ತಳು. ಫೇಲಾ ಎಂದು ಅಜ್ಜ ಕೇಳಿದ, ಹೂಂ ಎಂದಳು, ಇಬ್ಬರೂ ನಕ್ಕರು. ಅಜ್ಜನನ್ನು ಬೀದಿ ದಾಟಿಸಲು ಗಾಲಿಕುರ್ಚಿ ತಂದವನು ಮಾವ. ಡ್ರೈವರನಿಗೇ ಡ್ರೈವರಾದೆನಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ, ಅಜ್ಜ ನಿಧಾನ ನಿಧಾನ ಎಂದು ಅವನನ್ನು ಗದರುತ್ತಿದ್ದ.

ಆರೈಕೆ ಮನೆಯ ಮೇಜಿನ ಹಿಂದಿದ್ದಾಕೆ, ಏನಾದರೂ ಕೇಳಬೇಕಾದರೆ ಮನೆಯಲ್ಲಿ ಯಾರನ್ನು ಕೇಳಬೇಕು ಎಂದರು. ಮಾವ ಮುಂದೆ ಬಂದ. ಅಮ್ಮನೂ ಬಂದಳು. ಅಜ್ಜ ಕುರ್ಚಿಯಲ್ಲೇ ತಿರುಗಿ ಹಿಂದೆ ನಿಂತಿದ್ದ ನನ್ನನ್ನು ಹುಡುಕಿದ.

"ಇವಳನ್ನ ಕೇಳಿ. ನಮ್ಮನೇಲಿ ಮಾತಾಡೋಳು ಇವಳೇ."

ಆಕೆ ನನ್ನ ಹೆಸರು ಕೇಳಿದರು. ಹೇಳಿದೆ. ಎರಡನೇ ಸಲ ಕೇಳಬೇಕಾಗಲಿಲ್ಲ.