ಒಂದು ತಂತಿ ಹೆಚ್ಚಿಗೆ

ನರಸಿಂಹರಾಜಪುರದ ಪೇಟೆಯಲ್ಲಿ ರಸ್ತೆಯ ಮೇಲೆ ದೋಣಿ ಬಂದರೆ ಜನ ಸುಮ್ಮನೆ ಬಿಡುತ್ತಾರೆಯೇ? ಭದ್ರಾ ಹಿನ್ನೀರು ಮಗ್ಗುಲಲ್ಲೇ ಇದ್ದರೂ ಇಲ್ಲಿಯವರು ಕಂಡಿರುವುದು ತೆಪ್ಪ ಮತ್ತು ಮೀನು ಹಿಡಿಯುವ ದೋಣಿಗಳನ್ನು. ಇದು ಹಾಯಿದೋಣಿ. ನುಣುಪಾದ ಬಿಳಿ ಮೈ, ಮಲಗಿಸಿ ಕಟ್ಟಿದ ಉದ್ದನೆಯ ಹಾಯಿಕಂಬ, ಎರಡು ಚಕ್ರದ ಟ್ರೇಲರಿನ ಮೇಲೆ ಕುಳಿತು ಜೀಪಿನ ಹಿಂದೆ ಗತ್ತಿನಿಂದ ಬಂದಿತ್ತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಎದ್ದು ಬಂದರು. "ಮುಂದಿನ ಮಳೆಗಾಲಕ್ಕೆ ಈಗಲೇ ತಯಾರಿಯಾ ಮಾರಾಯ್ರೆ?" ಎಂದು ಒಬ್ಬ ಕೇಳಿದ್ದಕ್ಕೆ ನಾಲ್ಕು ಜನ ನಕ್ಕರು. ಆಟೋ ಎಲೆಕ್ಟ್ರಿಷಿಯನ್ ದೇವರಾಜ ಮಾತ್ರ ನಗಲಿಲ್ಲ. ಅವನ ಕಣ್ಣು ದೋಣಿಯ ಮೇಲಿರಲಿಲ್ಲ, ಜೀಪಿನಿಂದ ಇಳಿದ ಬೂತಪ್ಪನ ಮೇಲಿತ್ತು.

ಬೂತಪ್ಪ ಮುತ್ತಿನಕೊಪ್ಪದವನು, ಅರವತ್ತರ ಆಸುಪಾಸು. ಒಂದು ಕಾಲಕ್ಕೆ ಒಳ್ಳೆಯ ಟ್ರ್ಯಾಕ್ಟರ್ ಡ್ರೈವರ್. ಈಗ ಹಿನ್ನೀರಿನ ದಡದಲ್ಲಿ ದೋಣಿ ನಡೆಸಲು ಕಲಿಸುವ ಶಿಬಿರದಲ್ಲಿ ಕೂಲಿ. ಸ್ಟೇರಿಂಗ್ ಮುಟ್ಟುವುದಿಲ್ಲ. ಜೀಪನ್ನು ನಾಲ್ಕು ಮಾರು ಹಿಂದೆ ತೆಗೆಯಬೇಕಾದರೂ ಬೇರೆಯವರನ್ನು ಕೂಗುತ್ತಾನೆ. ದೋಣಿಯನ್ನಾದರೆ ಹೆಗಲು ಕೊಟ್ಟು ತಳ್ಳುತ್ತಾನೆ. ಅವನೂ ದೇವರಾಜನೂ ಎದುರುಬದುರಾಗಿ ಮಾತಾಡಿ ಒಂಬತ್ತು ವರ್ಷವಾಗಿತ್ತು.

ಜೀಪು ನಡೆಸಿಕೊಂಡು ಬಂದವಳು ಶಿಬಿರದ ತರಬೇತುದಾರಳು, ಅರ್ಪಿತಾ. "ಅಣ್ಣ, ನಾಳೆ ಬೆಳಗಿನ ಜಾವ ಹೊರಡ್ಬೇಕು. ಕೊಪ್ಪ, ಶೃಂಗೇರಿ ಮೇಲೆ ಘಟ್ಟ ಇಳಿದು ಕಾರ್ಕಳಕ್ಕೆ. ದಾರಿಯೆಲ್ಲ ಮಂಜು. ಈ ಹಿಂದಿನ ಲೈಟುಗಳು ಒಂದ್ಸಲ ಉರಿತವೆ, ಒಂದ್ಸಲ ಇಲ್ಲ. ನಿಲ್ಲಿಸಿ ನೋಡಿದ್ರೆ ಸರಿಯಾಗೇ ಇರ್ತವೆ. ಎರಡು ಕಡೆ ತೋರಿಸ್ದೆ, ಯಾರಿಗೂ ಎಂತದು ಅಂತ ಗೊತ್ತಾಗ್ಲಿಲ್ಲ."

ನಿಲ್ಲಿಸಿ ನೋಡಿದರೆ ಸರಿ ಇರುತ್ತವೆ. ದೇವರಾಜನಿಗೆ ಅಷ್ಟು ಸಾಕಾಯಿತು, ಟೆಸ್ಟ್ ಲ್ಯಾಂಪ್ ಹಿಡಿಯುವ ಅಗತ್ಯವೂ ಇರಲಿಲ್ಲ. ಬಲ್ಬಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸು ಬರಲು ಒಂದು ತಂತಿ ಬೇಕು. ನಮ್ಮ ಕಡೆ ಅದನ್ನು ಎಳೆಯುವ ರೂಢಿಯೇ ಇಲ್ಲ. ಟ್ರೇಲರಿನ ಕಬ್ಬಿಣ ಇದೆಯಲ್ಲ, ಅದರಲ್ಲೇ ವಾಪಸು ಹೋಗಲಿ ಎಂದು ಬಿಟ್ಟುಬಿಡುತ್ತಾರೆ. ಅದಕ್ಕೆ ಬಾಡಿ ಅರ್ತ್ ಎಂದು ಹೆಸರು. ಆದರೆ ಆ ಕಬ್ಬಿಣ ಮುಂದಿನ ಗಾಡಿಯನ್ನು ಮುಟ್ಟುವುದು ಕೊಂಡಿಯ ಒಂದೇ ಜಾಗದಲ್ಲಿ. ಗಾಡಿ ನಿಂತಿರುವಾಗ ಮುಟ್ಟಿಕೊಂಡಿರುತ್ತದೆ. ಗುಂಡಿಗೆ ಇಳಿದು ಎತ್ತಿ ಹಾಕಿದಾಗ, ತುಕ್ಕೋ ಮಣ್ಣೋ ನಡುವೆ ಸಿಕ್ಕಿಕೊಂಡಾಗ, ಬಿಟ್ಟುಹೋಗುತ್ತದೆ. ಹಿಂದಿನ ದೀಪ ಆರಿದ್ದು ಮುಂದೆ ಕೂತು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ.

ಒಂಬತ್ತು ವರ್ಷದಿಂದ ದೇವರಾಜ ಪ್ರತಿಯೊಂದು ಟ್ರೇಲರಿಗೂ ಆ ಒಂದು ತಂತಿಯನ್ನು ಹೆಚ್ಚಿಗೆ ಎಳೆಯುತ್ತ ಬಂದಿದ್ದ. ಗಿರಾಕಿಗಳು "ಇದೆಂತಕ್ಕೆ?" ಎಂದರೆ "ಇರ್ಲಿ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಮುಸ್ಸಂಜೆ, ಬೂತಪ್ಪ ಎಸ್ಟೇಟಿನ ಖಾಲಿ ಟ್ರೇಲರ್ ಎಳೆದುಕೊಂಡು ಮುತ್ತಿನಕೊಪ್ಪದ ಕಡೆ ಹೋಗುತ್ತಿದ್ದ. ಹಿಂದಿನಿಂದ ಬೈಕಿನಲ್ಲಿ ಬಂದ ಯೋಗೇಶ ಅದಕ್ಕೆ ಗುದ್ದಿ ಅಲ್ಲೇ ಸತ್ತ. ಯೋಗೇಶನಿಗೆ ಇಪ್ಪತ್ತಮೂರು. ದೇವರಾಜನ ಅಕ್ಕ ಪುಟ್ಟಕ್ಕನ ಒಬ್ಬನೇ ಮಗ. ಟ್ರೇಲರಿನ ಲೈಟು ಉರಿಯುತ್ತಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ಸದ್ದು ಕೇಳಿ ಬೂತಪ್ಪ ಗಾಬರಿಯಲ್ಲಿ ಕೀ, ಸ್ವಿಚ್ಚು ಎಲ್ಲ ಬಂದ್ ಮಾಡಿ ಹಾರಿ ಇಳಿದಿದ್ದ. ಹಾಗಾಗಿ ಮೊದಲು ಸ್ವಿಚ್ ಹಾಕಿದ್ದನೋ ಇಲ್ಲವೋ ಎನ್ನುವುದಕ್ಕೆ ಅವನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ನಾಲ್ಕನೇ ದಿನ ಸ್ಟೇಷನ್ನಿನ ಅಂಗಳದಲ್ಲಿ ಗಾಡಿ ತಪಾಸಣೆ ನಡೆಯಿತು. ಬಂದ ಅಧಿಕಾರಿ ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಸತ್ತವನ ಸೋದರಮಾವ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಟ್ರೇಲರಿಗೆ ವೈರ್ ಎಳೆದವನೂ ಅವನೇ ಎಂದೂ ಗೊತ್ತಿರಲಿಲ್ಲ. ದೇವರಾಜ ಎರಡನ್ನೂ ಹೇಳಲಿಲ್ಲ. ಸ್ವಿಚ್ ಹಾಕಿದ, ಲೈಟು ಉರಿಯಿತು. "ಉರಿತದೆ ಸರ್" ಎಂದ. ಕೊಂಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಬೇಕು ಎಂದು ಮನಸ್ಸು ಹೇಳುತ್ತಲೇ ಇತ್ತು. ಅವನು ಕೈ ಚಾಚಲಿಲ್ಲ. ಕೋರ್ಟಿನಲ್ಲೂ ಅದೇ ಎರಡು ಪದ ಹೇಳಿ ಬಂದ. ಬೂತಪ್ಪನಿಗೆ ಆರು ತಿಂಗಳ ಸಜೆಯಾಯಿತು.

ಇವತ್ತು ದೇವರಾಜ ಅರ್ಪಿತಾಳಿಗೆ ಹೇಳಿದ್ದು ಇಷ್ಟೇ: "ಹೋಲ್ಡರ್ ಲೂಸ್ ಇರ್ಬೇಕು ಮೇಡಂ. ತಿಂಡಿ ತಿಂದ್ಕೊಂಡು ಬನ್ನಿ, ಮಾಡಿಡ್ತೇನೆ." ಸದ್ದಿಲ್ಲದೆ ತಂತಿ ಎಳೆದು ಕಳಿಸಿಬಿಟ್ಟರೆ ದೋಣಿಯೂ ಸುರಕ್ಷಿತ, ತಾನೂ ಸುರಕ್ಷಿತ ಎಂದು ಅವನ ಲೆಕ್ಕಾಚಾರ. ಅವಳು ಎದುರಿನ ಹೋಟೆಲಿಗೆ ಹೋದಳು.

ಈ ಟ್ರೇಲರ್ ದೋಣಿ ಇಳಿಸುವಾಗ ನೀರಿಗೆ ಮುಳುಗುವಂಥದ್ದು. ಅದಕ್ಕೇ ಹಿಂದಿನ ಲೈಟುಗಳನ್ನೆಲ್ಲ ಒಂದು ಅಡ್ಡ ಹಲಗೆಗೆ ಜೋಡಿಸಿ, ಬೇಕಾದಾಗ ಬಿಚ್ಚುವ ಹಾಗೆ ಕಟ್ಟಿದ್ದರು. ದೇವರಾಜ ವೈರು ಕಳಚದೆ ಹಲಗೆಯನ್ನಷ್ಟೇ ಬಿಚ್ಚಿ ಬೆಂಚಿಗೆ ಒರಗಿಸಿದ, ಜೀಪಿನ ಲೈಟು ಹಾಕಿದ. ಎರಡು ಕೆಂಪು ದೀಪಗಳು ಬೂತಪ್ಪನ ಕಡೆಗೇ ಮುಖ ಮಾಡಿ ಉರಿದವು. ಬೂತಪ್ಪ ಅದನ್ನೊಮ್ಮೆ ನೋಡಿ, ದೋಣಿಯ ಹಗ್ಗ ಬಿಗಿಯಾಗಿದೆಯೋ ಎಂದು ದಿನಾ ಮಾಡುವ ಹಾಗೆ ಟ್ರೇಲರಿನ ಮೂತಿ ಹಿಡಿದು ಜಗ್ಗಿ ಕುಲುಕಿದ.

ಕೆಂಪು ದೀಪ ಎರಡೂ ಆರಿದವು. ಬಿಟ್ಟ, ಹೊತ್ತಿಕೊಂಡವು. ಮತ್ತೆ ಕುಲುಕಿದ, ಆರಿದವು.

"ದೇವರಾಜ," ಎಂದ ಬೂತಪ್ಪ. "ಸ್ವಿಚ್ ಹಾಕೇ ಇದೆಯಲ್ಲ?"

"ಇದೆ."

"ಮತ್ತೆ ಇದು ಹೋಗ್ತದಲ್ಲ ಮಾರಾಯ."

ಬೂತಪ್ಪ ಮತ್ತೆರಡು ಸಲ ಕುಲುಕಿ ನೋಡಿದ. ಓದು ಬರಹ ಇಲ್ಲದಿದ್ದರೂ ಮೂವತ್ತು ವರ್ಷ ಗಾಡಿ ಓಡಿಸಿದವನು, ಬಿಡಿಸಿ ಹೇಳಬೇಕಾಗಿರಲಿಲ್ಲ. "ಎಸ್ಟೇಟಿನ ಟ್ರೇಲರಿಗೆ ವೈರ್ ಎಳೆದದ್ದು ನೀನೇ ಅಲ್ವಾ?" ಎಂದು ಕೇಳಿದ.

"ನಾನೇ ಬೂತಣ್ಣ. ಇದೇ ತರ ಎಳೆದಿದ್ದೆ. ಆವತ್ತು ಸ್ಟೇಷನ್ನಲ್ಲಿ ಕೊಂಡಿ ಅಲ್ಲಾಡಿಸಿ ನೋಡ್ಬೇಕಿತ್ತು. ನೋಡ್ಲಿಲ್ಲ. ಹೆದರಿಕೆ ಆಯ್ತು." ಇಷ್ಟು ವರ್ಷ ಗಂಟಲಲ್ಲೇ ಇದ್ದ ಮಾತು ಹೊರಗೆ ಬಂದಿತ್ತು. ಎದೆ ಹಗುರವೇನೂ ಆಗಲಿಲ್ಲ.

ಬೂತಪ್ಪ ಹೊಡೆಯುತ್ತಾನೆ ಎಂದುಕೊಂಡ. ಹೊಡೆದಿದ್ದರೆ ಒಳ್ಳೆಯದಿತ್ತು. ಬೂತಪ್ಪ ಟ್ರೇಲರಿನ ಚಕ್ರದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟ.

"ಮೊದಲ ವರ್ಷ ನಂಗೆ ಸರಿಯಾಗಿ ನೆನಪಿತ್ತು," ಎಂದ. "ಮೋರಿ ಹತ್ರ ಸ್ವಿಚ್ ಹಾಕಿದ್ದೆ. ಕಟಕ್ ಅಂದದ್ದೂ ನೆನಪಿತ್ತು. ಪೊಲೀಸ್ರು ಇಲ್ಲ ಅಂದ್ರು, ವಕೀಲ್ರು ಇಲ್ಲ ಅಂದ್ರು, ಊರವ್ರು ಇಲ್ಲ ಅಂದ್ರು. ಕೇಳಿ ಕೇಳಿ, ಹಾಕ್ಲಿಲ್ಲ ಅನ್ನೋದೇ ನನ್ನ ನೆನಪಾಗಿ ಕೂತ್ಬಿಡ್ತು. ಸ್ವಿಚ್ ಹಾಕೋದು ಬಿಟ್ಟು ಜೇಬಲ್ಲಿ ಬೀಡಿ ಹುಡುಕ್ತಾ ಇದ್ದೆ ಅಂತ ಕಣ್ಣಿಗೆ ಕಟ್ಟಿದ ಹಾಗೆ ಬರ್ತದೆ ನಂಗೆ. ಆವತ್ತು ನನ್ನ ಹತ್ರ ಬೀಡಿನೇ ಇರ್ಲಿಲ್ಲ ದೇವರಾಜ."

ದೇವರಾಜನಿಗೆ ಕ್ಷಮಿಸು ಎನ್ನುವ ಮಾತು ಆ ಮನುಷ್ಯನ ಮುಂದೆ ತೀರ ಅಗ್ಗವೆನಿಸಿತು.

"ಪುಟ್ಟಕ್ಕಂಗೆ ಹೇಳ್ತೀಯಾ?" ಎಂದು ಬೂತಪ್ಪ ಕೇಳಿದ. ಅವನು ಕೇಳಿದ್ದು ಅದೊಂದೇ.

ದೇವರಾಜ ಹೆದರಿದ್ದೂ ಅದೊಂದಕ್ಕೇ. ತಾಯಿ ಸತ್ತಾಗ ಅವನಿಗೆ ಐದು ವರ್ಷ. ಕೂಲಿಗೆ ಹೋಗಿ ಬಂದು ತುತ್ತು ಮಾಡಿ ಉಣಿಸಿ ಬೆಳೆಸಿದ್ದು ಪುಟ್ಟಕ್ಕ. ಈಗಲೂ ಪ್ರತಿ ಭಾನುವಾರ ಅವನ ಊಟ ಅಕ್ಕನ ಮನೆಯಲ್ಲೇ. ಇದನ್ನು ಹೇಳಿದರೆ ಅವಳು ತನ್ನ ಪಾಲಿಗೆ ಉಳಿಯುವುದಿಲ್ಲ. ಹೇಳದಿದ್ದರೆ ಈ ನೆಲದ ಮೇಲೆ ಕುಳಿತವನ ಮುಖ ನೋಡಿಕೊಂಡು ಬದುಕಲಾಗುವುದಿಲ್ಲ.

"ಹೇಳ್ತೇನೆ. ನೀನೂ ಬಾ," ಎಂದ.

ಕೆಲಸ ಮುಗಿಸಿದರು. ಹಲಗೆಯಿಂದ ಜೀಪಿನವರೆಗೆ ಹೊಸ ಕಪ್ಪು ತಂತಿ ಎಳೆದು, ಟ್ರೇಲರಿನ ಕಬ್ಬಿಣಕ್ಕೆ ಯಾವ ಜವಾಬ್ದಾರಿಯನ್ನೂ ಉಳಿಸದೆ ನೇರ ಪ್ಲಗ್ಗಿಗೆ ಜೋಡಿಸಿದ. ಬೂತಪ್ಪ ತಂತಿಯ ಇನ್ನೊಂದು ತುದಿ ಹಿಡಿದು, ಹೇಳಿದಷ್ಟು ಬಿಡುತ್ತ ಹೋದ. ಬದಿಗೆ ರೇಡಿಯಂ ಸ್ಟಿಕ್ಕರ್ ಅಂಟಿಸಿದರು, ಹೊರಚಾಚಿದ ಹಾಯಿಕಂಬದ ತುದಿಗೆ ಮರದ ಲಾರಿಯವರ ಹಾಗೆ ಕೆಂಪು ಬಟ್ಟೆ ಕಟ್ಟಿದರು. ಅರ್ಪಿತಾ ಬಂದು ಏನಾಗಿತ್ತು ಎಂದು ಕೇಳಿದಾಗ ದೇವರಾಜ ಹೋಲ್ಡರಿನ ಮಾತು ಎತ್ತಲಿಲ್ಲ. "ವಾಪಸು ಬರೋ ತಂತಿ ಇರ್ಲಿಲ್ಲ ಮೇಡಂ. ಇದಿಲ್ದೆ ಹೋದ್ರೆ ಜೀವ ಹೋಗ್ತದೆ. ಎಲ್ಲಿ ಮಾಡ್ಸಿದ್ರೂ ಇದನ್ನ ಕೇಳಿ ಹಾಕ್ಸಿ," ಎಂದ. ಅವಳು ಇಬ್ಬರ ಮುಖವನ್ನೂ ನೋಡಿ, ಜೀಪು ಹತ್ತಿ ಹೊರಟಳು.

ದೇವರಾಜನ ಸ್ಕೂಟರಿನ ಹಿಂದೆ ಕುಳಿತು ಬೂತಪ್ಪ ಮುತ್ತಿನಕೊಪ್ಪಕ್ಕೆ ಬಂದ. ಒಂದೇ ಕೇರಿಯವನಾದರೂ ಅವನು ಪುಟ್ಟಕ್ಕನ ಮನೆ ಮುಂದೆ ಹಾಯದೆ ಗದ್ದೆಯ ಬದುವಿನಲ್ಲಿ ಸುತ್ತಿಕೊಂಡು ಮನೆ ಸೇರುತ್ತಿದ್ದ. ಪುಟ್ಟಕ್ಕ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ತಮ್ಮನನ್ನು ಕಂಡು ಮುಖ ಅರಳಿತು, ಹಿಂದೆ ಇದ್ದವನನ್ನು ಕಂಡದ್ದೇ ಎದ್ದು ಬಾಗಿಲಿಗೆ ಕೈ ಹಾಕಿದಳು.

"ಅಕ್ಕ, ಬಾಗ್ಲು ಹಾಕ್ಬೇಡ. ಹೇಳೋದಿದೆ."

ಅಂಗಳದಲ್ಲಿ ನಿಂತುಕೊಂಡೇ ಹೇಳಿದ. ತಂತಿ, ಕೊಂಡಿ, ಸ್ಟೇಷನ್ನು, ಕೋರ್ಟು, ಯಾವುದನ್ನೂ ಬಿಡಲಿಲ್ಲ. ಬೂತಪ್ಪ ಸ್ವಿಚ್ ಹಾಕಿದ್ದ ಎಂದು ಎರಡು ಸಲ ಹೇಳಿದ. ಎಲ್ಲ ಮುಗಿದ ಮೇಲೆ ಪುಟ್ಟಕ್ಕ ಒಂದು ಮಾತು ಕೇಳಿದಳು.

"ನಿಂಗೆ ಯಾವತ್ತು ಗೊತ್ತಾಯ್ತು?"

"ನಾಲ್ಕನೇ ದಿನ. ಸ್ಟೇಷನ್ನಲ್ಲಿ."

"ಹನ್ನೊಂದನೇ ದಿನ ನನ್ನ ಪಕ್ಕ ಕೂತಿದ್ದಿ. ಬೂತಪ್ಪನ ಮನೆ ಹಾಳಾಗ್ಲಿ ಅಂತ ನಾನು ಮಣ್ಣು ತೂರಿ ಶಾಪ ಹಾಕಿದೆ. ನೀನು ನನ್ನ ಬೆನ್ನು ಸವರ್ತಾ ಇದ್ದಿ." ಅವಳ ದನಿ ಏರಲಿಲ್ಲ. "ಅವ್ನು ಜೈಲಿಂದ ಬಂದ ಮರುವರ್ಷ ಅವ್ನ ಹೆಂಡ್ತಿ ಕಲ್ಲಮ್ಮ ಜ್ವರ ಬಂದು ಸತ್ಲು. ನನ್ನ ಶಾಪ ತಟ್ಟಿತು ಅಂದ್ಕೊಂಡೆ. ಆವತ್ತು ನಾನು ಹೊಟ್ಟೆ ತುಂಬ ಉಂಡೆ ದೇವು. ನೀನೇ ಎದುರಿಗೆ ಕೂತಿದ್ದಿ, ಬಡ್ಸಿದ್ದೆ ನಿಂಗೆ."

ದೇವರಾಜನಿಗೆ ಆ ಭಾನುವಾರ ನೆನಪಿತ್ತು. ತನ್ನ ಸುಳ್ಳಿನಿಂದ ಕೆಟ್ಟದ್ದು ಬೂತಪ್ಪನೊಬ್ಬನ ಬದುಕು ಎಂದುಕೊಂಡಿದ್ದ. ಅಕ್ಕನ ಮನಸ್ಸನ್ನೂ ತಾನು ಕೆಡಿಸಿದ್ದೇನೆ ಎಂದು ಅವನಿಗೆ ಈಗ ಗೊತ್ತಾಯಿತು. ಅದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ, ಮುಖ ಮುಚ್ಚಿಕೊಂಡ.

ಪುಟ್ಟಕ್ಕ ಬೂತಪ್ಪನ ಕಡೆ ತಿರುಗಿದಳು. "ಒಳಗೆ ಬಾ ಬೂತಣ್ಣ," ಎಂದಳು.

ಬೂತಪ್ಪ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದ. ದೇವರಾಜ ಅವನ ಹಿಂದೆ ಮೆಟ್ಟಿಲಿಗೆ ಕಾಲಿಟ್ಟ.

"ನೀನು ಬೇಡ," ಎಂದಳು ಪುಟ್ಟಕ್ಕ, ಅವನನ್ನು ನೋಡದೆ. ಹೊಸ್ತಿಲು ದಾಟುವ ಮುಂಚೆ ಒಂದು ಗಳಿಗೆ ನಿಂತಳು. "ಇವತ್ತು ಬೇಡ."

ಅವನು ಅಂಗಳದಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಅಕ್ಕ ಮಗನ ಹೆಸರು ಹಿಡಿದು ಅಳುವುದನ್ನು ಅವನು ಒಂಬತ್ತು ವರ್ಷ ಕೇಳಿದ್ದ. ಇವತ್ತು ಅವಳು ಕಲ್ಲಮ್ಮನ ಹೆಸರು ಹಿಡಿದು ಅಳುತ್ತಿದ್ದಳು.