ಇಲಿಗಳ ನಡುಹಗಲ ರಾತ್ರಿ

ಹೆಂಡತಿಯ ಪೆಟ್ಟಿಗೆಯನ್ನು ಮೂರು ಮಹಡಿ ಇಳಿಸಿ ಬಾಗಿಲ ಬಳಿ ಇಟ್ಟಾಗಲೂ ಅವನ ಕೈ ನಡುಗಲಿಲ್ಲ. ನಾಡಿ ಹಿಡಿದು ನೋಡಿಕೊಂಡ. ಅರವತ್ತೆರಡು. ಎದೆಬಡಿತ, ನಡುಕ ತಗ್ಗಿಸುವ ತನ್ನ ಮಾತ್ರೆಗೆ ಮನಸ್ಸಿನಲ್ಲೇ ಕೈಮುಗಿದ.

“ನಾಲ್ಕು ಗಂಟೆಗೆ ಬಸ್ಸು. ಅಕ್ಕನ ಮನೆಗೆ ಹೋಗಿಬಿಡ್ತೀನಿ,” ಎಂದಳು ಅವಳು. “ಬೇಡ ಅಂತ ಒಂದು ಮಾತು ಹೇಳಿ, ಇದ್ದುಬಿಡ್ತೀನಿ.”

“ಲ್ಯಾಬಿಗೆ ಹೊತ್ತಾಯ್ತು. ಸಾಯಂಕಾಲ ಮಾತಾಡೋಣ.”

“ಸಾಯಂಕಾಲ ನಾನಿರಲ್ಲ.”

ಹನ್ನೆರಡು ವರ್ಷದ ಹಿಂದೆ ಅವನು ಪಾಠಕ್ಕೆ ನಿಂತರೆ ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು. ತನ್ನ ಎದೆಬಡಿತ ಮುಂದಿನ ಬೆಂಚಿಗೂ ಕೇಳಿಸುತ್ತದೇನೋ ಎಂದು ಬೆವರುತ್ತಿದ್ದ. ಡಾಕ್ಟರ ಬಳಿಗೆ ಎಳೆದುಕೊಂಡು ಹೋದವಳು ಅವಳೇ. ಮೊದಲ ಮಾತ್ರೆಯನ್ನು ಅಂಗೈಯಲ್ಲಿಟ್ಟು, ನೀರಿನ ಲೋಟ ಹಿಡಿದು ನಿಂತವಳೂ ಅವಳೇ. ಆ ಉಪಕಾರವನ್ನು ಅವನು ಒಂದು ದಿನವೂ ಮರೆತಿಲ್ಲ. ನೆನೆದಾಗ ಕಣ್ಣು ತುಂಬಬೇಕಿತ್ತು, ತುಂಬುವುದಿಲ್ಲ, ಅಷ್ಟೆ.

ಲ್ಯಾಬಿನ ಇಲಿಗಳ ಕೋಣೆಯಲ್ಲಿ ಮಧ್ಯಾಹ್ನವೇ ನಡುರಾತ್ರಿ. ದೀಪದ ವೇಳೆ ತಿರುಗಿಸಿ ಅವುಗಳ ಹಗಲು ರಾತ್ರಿಗಳನ್ನು ಅದಲುಬದಲು ಮಾಡಿದ್ದರು. ಕೆಲಸವೆಲ್ಲ ಮಂಕಾದ ಕೆಂಪು ದೀಪದಲ್ಲಿ. ಗೂಡು ತೊಳೆದು ನೀರಿಡುವ ಹೆಂಗಸನ್ನು ಎಲ್ಲರೂ ಇಲಿಯಮ್ಮ ಎನ್ನುತ್ತಿದ್ದರು.

“ಇವಕ್ಕೂ ನಿಮ್ಮ ಮಾತ್ರೆನೇ ಅಂತಲ್ಲ ಸಾರ್? ಏನಾಯ್ತು?” ಎಂದಳು ಇಲಿಯಮ್ಮ.

“ಮಿದುಳಲ್ಲಿ ಒಂದು ಪುಟ್ಟ ಗ್ರಂಥಿ ಇದೆ. ಕತ್ತಲಾಯ್ತು ಅಂತ ನರ ಸುದ್ದಿ ಮುಟ್ಟಿಸಿದ್ರೆ ರಾತ್ರಿಯ ರಸ ಬಿಡುತ್ತೆ. ಮಾತ್ರೆ ತಿಂದ ಇಲಿಗಳಲ್ಲಿ ಬಿಟ್ಟಿಲ್ಲ.”

“ಕತ್ತಲು ಕಾಣ್ಲೇ ಇಲ್ವಾ ಅವಕ್ಕೆ?”

“ಕಂಡಿದೆ. ನರ ಹೋಗಿ ಬಾಗಿಲು ಬಡಿದೂ ಇದೆ. ಒಳಗೆ ಕೇಳಿಸಿಲ್ಲ.”

“ಪಾಪ, ಕಿವುಡರ ಸಂಸಾರ!” ಎಂದು ಅವಳು ನಕ್ಕಳು.

ಆ ರಸವನ್ನು ಅಳೆಯುವ ಯಂತ್ರ ಸರಿಯಿದೆಯೇ ಎಂದು ನೋಡಲು ಇಬ್ಬರೂ ಹಿಂದಿನ ರಾತ್ರಿ ಮಲಗುವ ಮುಂಚಿನ ಎಂಜಲನ್ನು ಪುಟ್ಟ ಸೀಸೆಗಳಲ್ಲಿ ತಂದುಕೊಟ್ಟಿದ್ದರು. ಯಂತ್ರ ಸರಿಯಾಗಿಯೇ ಇತ್ತು. ಇಲಿಯಮ್ಮನ ಅಂಕಿ ಗುಡ್ಡ ಹತ್ತಿತ್ತು. ಅವನದು ಮಾತ್ರೆ ತಿಂದ ಇಲಿಗಳಂತೆ ನೆಲಕಚ್ಚಿತ್ತು. ಹನ್ನೆರಡು ವರ್ಷದಿಂದ ತನ್ನೊಳಗೆ ಸರಿಯಾಗಿ ರಾತ್ರಿಯೇ ಆಗಿಲ್ಲವೇನೋ ಎನಿಸಿತು. ಪಕ್ಕದಲ್ಲಿ ಮಲಗಿ ಹೆಂಡತಿ ಎಷ್ಟು ಸಲ ‘ಎಚ್ಚರ ಇದೀರಾ?’ ಎಂದು ಕೇಳಿರಲಿಲ್ಲ. ಮಧ್ಯಾಹ್ನದ ಮಾತ್ರೆಯನ್ನು ಜೇಬಿನಿಂದ ತೆಗೆದವನು ಹಾಗೇ ಒಳಗಿಟ್ಟ.

ಮೂರು ಗಂಟೆಗೆ ಅವಳ ಫೋನು ಬಂತು. ಅವನ ಕೈ ನಡುಗಿತು. ಎದೆ ಡವಡವ ಹೊಡೆದುಕೊಂಡಿತು. ‘ಬೇಡ’ ಎಂಬ ಮಾತು ಗಂಟಲವರೆಗೆ ಬಂದೇಬಿಟ್ಟಿತು. ಇಂಥ ನಡುಗುವ ದನಿಯಲ್ಲಿ ಅವಳೊಡನೆ ಮಾತಾಡುವುದು ಚೆನ್ನಾಗಿರುವುದಿಲ್ಲ ಎನಿಸಿತು. ಫೋನು ತಾನಾಗಿ ಸುಮ್ಮನಾಯಿತು. ಅವನು ಮಾತ್ರೆ ನುಂಗಿದ.

ಒಂದು ಗಂಟೆ ಕಾದು ತಾನೇ ಕರೆ ಮಾಡಿದ. ದನಿ ಸ್ವಚ್ಛವಾಗಿ ಹೊರಟಿತು.

“ಥ್ಯಾಂಕ್ಸ್ ಹೇಳೋಣ ಅಂತ.”

“ಯಾತಕ್ಕೆ?”

“ಎಲ್ಲದಕ್ಕೂ. ಮೊದಲ್ನೇ ಮಾತ್ರೆ ಕೊಟ್ಟವಳು ನೀನೇ ಅಲ್ವಾ.”

ಅತ್ತ ಬಸ್ಸು ಹೊರಡುವ ಸದ್ದು. “ಅಷ್ಟೇನಾ?” ಎಂದಳು.

“ಅಷ್ಟೇ.”

ಹೇಳಬೇಕಾದ್ದನ್ನು ಹೇಳಿದ ಸಮಾಧಾನದಲ್ಲಿ ಅವನು ಇಲಿಗಳ ಕೋಣೆಯ ಮೂಲೆಗೆ ಹೋಗಿ ಸ್ಟೂಲಿನ ಮೇಲೆ ಕುಳಿತು ನಾಡಿ ಹಿಡಿದ. “ಯಾರಾದ್ರೂ ಇದೀರಾ ಒಳಗೆ?” ಎಂದು ಇಲಿಯಮ್ಮ ಬಾಗಿಲ ಬಳಿ ಕೂಗಿದಳು. ಅವನು ಎಣಿಸುತ್ತಿದ್ದ. ಅವಳು ಕೆಂಪು ದೀಪವನ್ನೂ ಆರಿಸಿ ಹೊರಗಿನಿಂದ ಚಿಲಕ ಹಾಕಿದಳು.

ಅರವತ್ತೆರಡು. ತಡವರಿಸುತ್ತ ಬಾಗಿಲವರೆಗೆ ಹೋಗಿ ಬಡಿಯಲು ಕೈಯೆತ್ತಿದ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ. ಅದನ್ನು ನೋಡುವ ಆಸೆಯಿಂದ ಕಣ್ಣಿನ ಹತ್ತಿರ ತಂದ; ಕತ್ತಲಲ್ಲಿ ಕೈ ಕಾಣಲಿಲ್ಲ.